ಎರಡನೆಯ ಸ್ಟ್ಯಾಕಿನ ಲೆಕ್ಕ

ನನ್ನ ವಯಸ್ಸು ಮೂವತ್ತೆರಡು, ನಾನು ನಿವೃತ್ತ. ಹಾರ ಹಾಕಿ ಕಳಿಸಿದವರು ಯಾರೂ ಇಲ್ಲ. ಘಟಕದ ಗೇಟಿಗೆ ಬೀಗ ಬಿದ್ದ ದಿನ ಹೆಲ್ಮೆಟ್ಟನ್ನು ವಾಪಸ್ ಕೊಡಬೇಕೋ ಬೇಡವೋ ಎಂದು ಕೇಳಲು ಒಬ್ಬ ಮನುಷ್ಯನೂ ಸಿಗದೆ ಅದನ್ನು ಹಾಕಿಕೊಂಡೇ ಬಸ್ ಹತ್ತಿದೆ. ಕಂಡಕ್ಟರು ನನ್ನನ್ನು ಯಾವುದೋ ಇಲಾಖೆಯ ಸಾಹೇಬ ಅಂದುಕೊಂಡು ಸೀಟು ಬಿಡಿಸಿಕೊಟ್ಟ. ನನ್ನ ವೃತ್ತಿಜೀವನದಲ್ಲಿ ಸಿಕ್ಕ ಗೌರವ ಅದೊಂದೇ. ಈಗ ಬೇಲೂರಿನಲ್ಲಿ ಮನೆ ಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡುತ್ತೇನೆ.

ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಈಗೀಗ ಹೈಡ್ರೋಜನ್ ಘಟಕಗಳಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಇಬ್ಬರು ಮೂವರು ನನ್ನನ್ನೇ ಹುಡುಕಿಕೊಂಡು ಬಂದು, "ಅಣ್ಣಾ, ಅಲ್ಲಿ ಕೆಲಸ ಹೆಂಗಿರುತ್ತೆ?" ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿಲ್ಲ. ನನಗೆ ಬಡ್ತಿಯೂ ಸಿಕ್ಕಿರಲಿಲ್ಲ.

ನಮ್ಮ ಘಟಕ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆ, ತೆಂಗಿನ ತೋಟಗಳ ನಡುವಿನ ಒಂದು ಬೋಳು ದಿಣ್ಣೆಯ ಮೇಲಿತ್ತು. ಕೆಲಸ ಹೇಳುವುದು ಸುಲಭ. ಬಿಸಿಲಿನಿಂದ ಕರೆಂಟು, ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್. ನೀರು ಒಡೆಯುವ ಯಂತ್ರದ ಹೃದಯಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ತೆಳ್ಳನೆಯ ಹಾಳೆ, ಲೋಹದ ತಟ್ಟೆ, ಮತ್ತೆ ಹಾಳೆ, ಮತ್ತೆ ತಟ್ಟೆ, ಹೀಗೆ ಚಪಾತಿ ಪೇರಿಸಿದ ಹಾಗಿರುತ್ತದೆ. ನೋಡಲು ಒಂದು ಅಕ್ಕಿ ಡಬ್ಬದಷ್ಟು. ಆದರೆ ಅದರೊಳಗಿನ ಲೋಹಗಳು ಭೂಮಿಯಲ್ಲಿ ಅಪರೂಪಕ್ಕೆ ಸಿಗುವಂಥವು. ಅವನ್ನು ಅಗೆದು, ಕರಗಿಸಿ, ಹದ ಮಾಡಲು ಬೇಕಾಗುವ ಶಕ್ತಿ ಅಷ್ಟಿಷ್ಟಲ್ಲ.

ಘಟಕ ಇದ್ದದ್ದೇ ಒಂದು ಪ್ರಶ್ನೆಗೆ ಉತ್ತರ ಹುಡುಕಲು: ಇದನ್ನು ಕಟ್ಟುವುದಕ್ಕೆ, ನಡೆಸುವುದಕ್ಕೆ ಖರ್ಚಾದ ಶಕ್ತಿಯಷ್ಟನ್ನೂ ಇದು ತನ್ನ ಆಯಸ್ಸಿನಲ್ಲಿ ಹೈಡ್ರೋಜನ್ ರೂಪದಲ್ಲಿ ವಾಪಸ್ ಕೊಡುತ್ತದೆಯೇ? ಸೌರಫಲಕ ಮಾಡಲು ಮರಳನ್ನು ಕುಲುಮೆಯಲ್ಲಿ ಕರಗಿಸಿರುತ್ತಾರೆ. ಅದರ ಚೌಕಟ್ಟಿಗೆ ಅಲ್ಯೂಮಿನಿಯಂ, ಕಂಬಕ್ಕೆ ಉಕ್ಕು, ಬುಡಕ್ಕೆ ಸಿಮೆಂಟು, ಗ್ಯಾಸ್ ತುಂಬಲು ದಪ್ಪನೆಯ ಟ್ಯಾಂಕು, ಇದನ್ನೆಲ್ಲ ಹೊತ್ತು ತಂದ ಲಾರಿಯ ಡೀಸೆಲ್ಲು. ಒಂದೊಂದೂ ಶಕ್ತಿ ತಿಂದೇ ಹುಟ್ಟಿದ್ದು. ನಮ್ಮ ಘಟಕದ ಆಯಸ್ಸು ಇಪ್ಪತ್ತು ವರ್ಷ ಎಂದು ಕಾಗದದಲ್ಲಿತ್ತು. ಎಂಟನೆಯ ವರ್ಷಕ್ಕೆ ಎಲ್ಲ ತೀರಿ, ಉಳಿದ ಹನ್ನೆರಡು ವರ್ಷ ಬರೀ ಲಾಭ ಎಂದು ನಮ್ಮ ಮುಖ್ಯಸ್ಥರಾದ ಮೂರ್ತಿ ಸಾರ್ ಲೆಕ್ಕ ಹಾಕಿದ್ದರು. ಆ ಮಾತು ನಿಜವಾದರೆ ಘಟಕ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಮೊದಲ ದಿನವೇ ಎಲ್ಲರಿಗೂ ಇದನ್ನು ಹೇಳಿಯೇ ಕೆಲಸಕ್ಕೆ ತೆಗೆದುಕೊಂಡಿದ್ದರು.

ನನಗೆ ಇದನ್ನು ಅರ್ಥ ಮಾಡಿಸಿದವನು ಮಾತ್ರ ಬೋರೇಗೌಡ. ಐವತ್ತಾರರ ಮನುಷ್ಯ, ಕಣಕಟ್ಟೆಯವನೇ. ಇಪ್ಪತ್ತು ವರ್ಷ ಊರಿಗೆ ನೀರು ಬಿಡುವ ಕೆಲಸ ಮಾಡಿ, ಆಮೇಲೆ ನಮ್ಮಲ್ಲಿ ಆಪರೇಟರ್ ಆಗಿ ಸೇರಿದ್ದ. "ತೆಂಗಿನ ಸಸಿ ಇದ್ದಂಗೆ ಕಣ್ಲಾ ಇದು," ಎಂದ. "ವರ್ಷಾನುಗಟ್ಲೆ ನೀರು ಹುಯ್ತಾ ಇರಬೇಕು. ಆಮ್ಯಾಲೆ ಕಾಯಿ."

"ನಡುವೆ ಒಣಗಿದ್ರೆ ಗೌಡ್ರೇ?"

"ಹುಯ್ದಿದ್ ನೀರೂ ಹೋಯ್ತು, ನೀನು ಕಾದಿದ್ದೂ ಹೋಯ್ತು. ಒಣಗಕ್ಕೆ ಬುಡಬಾರ್ದು."

ಅವನಿಗೊಂದು ಹೆಮ್ಮೆಯಿತ್ತು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲವೂ ತಪ್ಪು ವಾಲ್ವ್ ತಿರುಗಿಸಿರಲಿಲ್ಲ. ಊರಲ್ಲಿ ಜಗಳವಾದರೆ, "ಬೋರೇಗೌಡ ಬುಟ್ಟಿದ್ ನೀರಿನಷ್ಟೇ ಸತ್ಯ ನನ್ ಮಾತು" ಎಂದು ಹೇಳುವವರಿದ್ದರಂತೆ. ಹೀಗೆಂದು ಹೇಳಿದವನೂ ಅವನೇ. ನಾನು ಅದನ್ನು ಅವನ ದನಿಯಲ್ಲೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ.

ನನ್ನ ರೋಗ ಅದು. ಯಾರನ್ನು ಕಂಡರೂ ಎರಡನೆಯ ದಿನಕ್ಕೆ ಅವರ ಗಂಟಲು ನನ್ನ ಗಂಟಲಿಗೆ ಬಂದು ಕೂರುತ್ತದೆ. ಮೂರ್ತಿ ಸಾರ್ ಪ್ರತಿ ವಾಕ್ಯಕ್ಕೂ ಮೊದಲು "ಬೇಸಿಕಲಿ" ಎಂದು ಉಸಿರೆಳೆದು, ಕೊನೆಯ ಶಬ್ದವನ್ನು ಮೂಗಿನಲ್ಲಿ ಅರ್ಧ ನುಂಗುತ್ತಿದ್ದರು. ಇಂಟರ್‌ಕಾಮಿನಲ್ಲಿ ನಾನು ವಾರಕ್ಕೆರಡು ಸಲವಾದರೂ ಮೂರ್ತಿ ಸಾರ್ ಆಗಿ ಬೋರೇಗೌಡನನ್ನು ಬೈಯುತ್ತಿದ್ದೆ. ಅವನು ಎರಡನೆಯ ಮಾತಿಗೇ ಹಿಡಿದುಬಿಡುತ್ತಿದ್ದ. "ಏನ್ಲಾ ಯೋಗೀಶ, ಸಾವ್ಕಾರ್ರ ಗಂಟ್ಲು ಕದ್ದ್ಯಾ? ತಿಂಡಿ ತಿಂದ್ಯಾ ಇಲ್ವಾ?" ನಾನು ನಕ್ಕುಬಿಡುತ್ತಿದ್ದೆ, ಅಲ್ಲಿಗೆ ಆಟ ಮುಗಿಯುತ್ತಿತ್ತು.

ಘಟಕದಲ್ಲಿ ನನ್ನ ಕೆಲಸ ಅಂಕಿ ಬರೆಯುವುದು. ಎಷ್ಟು ಕರೆಂಟು ಹೋಯಿತು, ಎಷ್ಟು ಗ್ಯಾಸು ಬಂತು. ಬಹಳ ಶಿಸ್ತಿನಿಂದ, ದುಂಡಗಿನ ಅಕ್ಷರದಲ್ಲಿ, ಎರಡು ವರ್ಷ ತಪ್ಪು ಬರೆದೆ. ಅದು ಗೊತ್ತಾದದ್ದು ಶಶಿಕಲಾ ಮೇಡಂ ಬಂದ ಮೇಲೆ. ಘಟಕಕ್ಕೆ ದುಡ್ಡು ಕೊಟ್ಟವರು ಲೆಕ್ಕ ಪರೀಕ್ಷಿಸಲು ಕಳಿಸಿದ ಇಂಜಿನಿಯರ್ ಅವರು. ಮೆಲ್ಲಗೆ ಮಾತಾಡುವ ಹೆಂಗಸು. ಅವರ ದನಿಯನ್ನು ನನಗೆ ಹಿಡಿಯಲು ಆಗಲೇ ಇಲ್ಲ. ಹಿಡಿಯಲು ಏನೂ ಇರಲಿಲ್ಲ, ಹೇಳಬೇಕಾದ್ದನ್ನಷ್ಟೇ ಹೇಳುತ್ತಿದ್ದರು.

ಮೊದಲ ದಿನ ಹಿಂದಿನ ಗೋಡೆಯ ಮೀಟರ್ ತೋರಿಸಿ, "ಇದು ಯಾರದ್ದು?" ಎಂದರು.

"ಲೈನಿನ ಕರೆಂಟು ಮೇಡಂ. ತ್ರೀಫೇಸ್ ಬಂದಾಗ ಬೋರ್ ಓಡಿಸ್ತೀವಿ, ನೀರು ಶುದ್ಧ ಮಾಡ್ತೀವಿ, ಗ್ಯಾಸ್ ಒತ್ತೋ ಕಂಪ್ರೆಸರ್ರೂ ಅದರಲ್ಲೇ."

"ಪುಸ್ತಕದಲ್ಲಿ ಇಲ್ವಲ್ಲ."

"ಇದು ಸೋಲಾರ್ ಘಟಕ ಅಂತ..." ಎಂದು ನಾನು ನಿಲ್ಲಿಸಿದೆ. ನನ್ನ ಮಾತು ನನಗೇ ಕೇಳಿಸಿತು.

"ಬೇಸಿಕಲಿ, ಅದು ಬರೀ ಸಹಾಯಕ ಬಳಕೆ," ಎಂದರು ಮೂರ್ತಿ ಸಾರ್.

"ಸಹಾಯ ತಗೊಂಡಿದ್ದನ್ನೂ ಬರೀಬೇಕಲ್ವಾ ಸಾರ್," ಎಂದರು ಮೇಡಂ. ಎಂಟನೆಯ ವರ್ಷ ಹನ್ನೊಂದಕ್ಕೆ ಹೋಯಿತು.

ಎರಡನೆಯ ಭೇಟಿಯಲ್ಲಿ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಅರಸೀಕೆರೆ ರಸ್ತೆಯಲ್ಲಿ ಕೊಬ್ಬರಿ ಪುಡಿ ಮಾಡುವ ಒಂದು ಕಾರ್ಖಾನೆಯವರು ಒಣಗಿಸುವ ಒಲೆಗೆ ನಮ್ಮ ಗ್ಯಾಸ್ ಉರಿಸಲು ಒಪ್ಪಿದ್ದರು. ಕಾಯಿ ಬಂದ ದಿನ ಒಲೆ, ಬಾರದ ದಿನ ಇಲ್ಲ. ಟ್ಯಾಂಕ್ ತುಂಬಿದರೆ ನಾವು ಎತ್ತರದ ಕೊಳವೆಯಿಂದ ಗ್ಯಾಸನ್ನು ಆಕಾಶಕ್ಕೆ ಬಿಡುತ್ತಿದ್ದೆವು. ಹೈಡ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೋದದ್ದು ಯಾರಿಗೂ ಕಾಣುವುದಿಲ್ಲ. ನಾನು ಬರೆಯುತ್ತಿದ್ದದ್ದು ಸ್ಟ್ಯಾಕಿನ ಬಾಯಲ್ಲಿ ಬಂದ ಗ್ಯಾಸನ್ನು.

"ನೀವು ಎಷ್ಟು ಮಾಡಿದ್ರಿ ಅಂತ ಕೇಳ್ತಿಲ್ಲ ಯೋಗೀಶ್. ಎಷ್ಟು ಉರೀತು?"

ಹನ್ನೊಂದು ಹದಿನೈದಾಯಿತು. ಅಂದು ಮಧ್ಯಾಹ್ನ ಮೂರ್ತಿ ಸಾರ್ ಊಟದ ಡಬ್ಬಿ ತೆರೆಯಲಿಲ್ಲ. ಅವರನ್ನು ಅಣಕಿಸುವುದು ನನ್ನ ಹಕ್ಕು ಎಂದುಕೊಂಡಿದ್ದವನು ನಾನು. ಆದರೂ ಹೇಳುತ್ತೇನೆ, ಆ ಮನುಷ್ಯ ಯೋಜನೆ, ಕಟ್ಟಡ ಎಲ್ಲ ಸೇರಿ ತನ್ನ ಹತ್ತು ವರ್ಷವನ್ನು ಆ ದಿಣ್ಣೆಯ ಮೇಲೆ ಸುರಿದಿದ್ದ. ಇನ್ನು ಐದು ವರ್ಷದ ಅಂತರ ಉಳಿದಿತ್ತು. ಇಪ್ಪತ್ತನ್ನು ದಾಟದಿದ್ದರೆ ಸಾಕಿತ್ತು.

ಈಗ ನೀರಿನ ವಿಷಯ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಸ್ಟ್ಯಾಕಿಗೆ ಉಪ್ಪು, ಸುಣ್ಣ ಯಾವುದರ ಸೋಂಕೂ ಇಲ್ಲದ ನೀರು ಬೇಕು. ಕೊನೆಯ ಹಂತದಲ್ಲಿ ಸಾಸಿವೆಯಂಥ ಕಾಳು ತುಂಬಿದ ಒಂದು ಸಿಲಿಂಡರಿನ ಮೂಲಕ ನೀರು ಹಾಯಬೇಕು. ಆ ಕಾಳಿಗೆ ರೆಸಿನ್ ಎನ್ನುತ್ತಾರೆ. ರೆಸಿನ್ ಮುಗಿದಾಗ ಅದನ್ನು ಗುರುತಿಸಿ ಘಟಕವನ್ನೇ ನಿಲ್ಲಿಸಲು ಒಂದು ಮೀಟರ್ ಇತ್ತು. ಅದು ಕೆಟ್ಟು, ನೀರು ಚೆನ್ನಾಗಿದ್ದಾಗಲೂ ನಿಲ್ಲಿಸತೊಡಗಿತು. ಹೊಸದು ಬರುವತನಕ ಅದು ಘಟಕವನ್ನು ನಿಲ್ಲಿಸದಂತೆ ಬೈಪಾಸಿನಲ್ಲಿಡಿ ಎಂದು ಮೂರ್ತಿ ಸಾರ್ ಚೀಟಿ ಬರೆದು ಸಹಿ ಮಾಡಿದರು. ಹೊಸದು ಬರಲಿಲ್ಲ. ಎರಡು ತಿಂಗಳು ಆ ಕೆಲಸವನ್ನು ಬೋರೇಗೌಡ ಮಾಡಿದ, ತನ್ನ ತಿಂಡಿ ಡಬ್ಬಿಯ ಮುಚ್ಚಳದಿಂದ. ಬೆಳಿಗ್ಗೆ ಬಂದವನೇ ಸ್ಟೀಲ್ ಮುಚ್ಚಳವನ್ನು ಒರೆಸಿ, ಒಂದು ಹನಿ ನೀರು ಬಿಟ್ಟು, ಬಿಸಿಲಿಗಿಡುತ್ತಿದ್ದ. ಹನಿ ಆರಿದ ಜಾಗದಲ್ಲಿ ಏನೂ ಇಲ್ಲದಿದ್ದರೆ ನೀರು ಶುದ್ಧ. ಬಿಳಿ ಉಂಗುರ ಉಳಿದರೆ ರೆಸಿನ್ ಮುಗಿದಿದೆ.

ಒಂದು ಬೆಳಿಗ್ಗೆ ಉಂಗುರ ಉಳಿಯಿತು. ಬೋರೇಗೌಡ ಘಟಕ ಶುರು ಮಾಡದೆ ಮೂರ್ತಿ ಸಾರ್‌ಗೆ ಇಂಟರ್‌ಕಾಮಿನಲ್ಲಿ ಹೇಳಿದ. ಅವರು, "ಇರಿ, ಯೋಚ್ನೆ ಮಾಡಿ ಹೇಳ್ತೀನಿ" ಎಂದು ಇಟ್ಟರು. ನಾನು ಸ್ಟೋರಿನಲ್ಲಿ ಅದೇ ಲೈನಿಗೆ ಕಿವಿ ಕೊಟ್ಟಿದ್ದೆ. ಐದು ನಿಮಿಷ ಬಿಟ್ಟು ಫೋನ್ ಎತ್ತಿದೆ. ಉಸಿರೆಳೆದೆ.

"ಬೇಸಿಕಲಿ, ಬೋರೇಗೌಡ್ರೇ, ನಿಮ್ಮ ಮುಚ್ಚಳ ತಿಂಡಿಗೆ ಇಟ್ಕೊಳ್ಳಿ. ಬಿಸಿಲು ದಂಡ ಆಗ್ತಿದೆ. ಓಡ್ಸಿ."

ಯೋಗೀಶ, ತಿಂಡಿ ತಿಂದ್ಯಾ ಎಂಬ ಮಾತಿಗೆ ಕಾದೆ.

"ಓಡುಸ್ಲಾ ಸಾ?" ಎಂದ.

"ಓಡ್ಸಿ ಅಂದ್ನಲ್ಲ."

"ಸರಿ ಸಾ." ಫೋನ್ ಇಟ್ಟ.

ನನಗೆ ನಗು ಬಂತು. ಅವನೂ ನನ್ನನ್ನು ಆಡಿಸುತ್ತಿದ್ದಾನೆ ಅಂದುಕೊಂಡೆ. ಹೋಗಿ ಕೇಳೋಣ ಎಂದು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಮೂರ್ತಿ ಸಾರ್ ಬಾಗಿಲಿಗೇ ಬಂದರು. "ರೆಸಿನ್ ಕೊರಿಯರ್ ನಂಬಿ ಕೂತ್ರೆ ಆಗಲ್ಲ. ನೀನೇ ಬೆಂಗಳೂರಿಗೆ ಹೋಗಿ ಹೊತ್ಕೊಂಡು ಬಾ. ಅರಸೀಕೆರೇಲಿ ರೈಲಿದೆ, ಹೊರಡು." ನನ್ನನ್ನು ತಮ್ಮ ಕಾರಿನಲ್ಲೇ ಸ್ಟೇಷನ್ನಿಗೆ ಬಿಟ್ಟು, ಅವರು ಹಾಸನಕ್ಕೆ ಮೂರು ದಿನದ ಒಂದು ಸಭೆಗೆ ಹೋದರು. ಘಟಕ ನಿಂತಿದೆ ಎಂದೇ ಅವರ ಲೆಕ್ಕ. ನಿಲ್ಲಿಸಿರುವುದನ್ನು ಮತ್ತೆ ನಿಲ್ಲಿಸಿ ಎಂದು ಹೇಳಲು ಅವರಿಗೇನು ಕಾರಣ?

ರೈಲು ತಿಪಟೂರು ದಾಟುವಾಗ ಇಂಟರ್‌ಕಾಮಿನಲ್ಲಿ ಓಡ್ಸಿ ಅಂದದ್ದು ನೆನಪಾಯಿತು. ಫೋನ್ ಕೈಯಲ್ಲೇ ಇತ್ತು. ಯಾರದೋ ಹಾಡಿನ ವಿಡಿಯೋ ನೋಡುತ್ತಿದ್ದೆ. ಬೋರೇಗೌಡ ನಂಬಿರಲಿಕ್ಕಿಲ್ಲ, ಅವನಿಗೆ ನನ್ನ ದನಿ ಗೊತ್ತು ಅಂದುಕೊಂಡೆ. ಇನ್ನೊಂದು ವಿಡಿಯೋ ನೋಡಿದೆ. ಮುಂದೆ ನಾನು ಎಷ್ಟೇ ಕಾರಣ ಕೊಟ್ಟರೂ ನಂಬಬೇಡಿ, ನಡೆದದ್ದು ಇಷ್ಟು.

ಬೆಂಗಳೂರಿನಲ್ಲಿ ರೆಸಿನ್ ಸಿಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಚೀಲ ಹೊತ್ತು ಕಣಕಟ್ಟೆ ರಸ್ತೆಯಲ್ಲಿ ಬಸ್ಸಿಳಿದರೆ ದಿಣ್ಣೆಯ ಮೇಲಿಂದ ಕಂಪ್ರೆಸರ್ ಸದ್ದು ಕೇಳಿಸುತ್ತಿತ್ತು. ಚೀಲ ರಸ್ತೆಯಲ್ಲೇ ಬಿಟ್ಟು ಓಡಿದೆ. ಬೋರೇಗೌಡ ಪ್ಯಾನೆಲ್ ಮುಂದೆ ನಿಂತಿದ್ದ. "ವೋಲ್ಟೇಜ್ ಏರ್ತಾ ಐತೆ ಕಣ್ಲಾ, ಮೂರು ದಿವ್ಸದಿಂದ," ಎಂದ. "ಸಾರ್ ಓಡ್ಸು ಅಂದವ್ರೆ. ನಂಗ್ಯಾಕೋ ಸರಿ ಕಾಣಾಕಿಲ್ಲ."

ನಿಲ್ಲಿಸಿದೆವು. ಆಸಿಡ್ಡಿನಲ್ಲಿ ತೊಳೆದೆವು. ಸ್ಟ್ಯಾಕ್ ಮಾಡಿದ ಕಂಪನಿಯವರು ಬಂದು ಬಿಚ್ಚಿ ನೋಡಿದರು. ಹಾಳೆಗಳಲ್ಲಿ ಸುಣ್ಣ, ಕಬ್ಬಿಣ ಎರಡೂ ಹೊಕ್ಕಿದ್ದವು. ಕೆಲವು ತೂತು ಬಿದ್ದು ಹೈಡ್ರೋಜನ್ನೂ ಆಮ್ಲಜನಕವೂ ಬೆರೆತು ಸಿಡಿಯುವ ಸ್ಥಿತಿ ಬಂದಿತ್ತು. ಇನ್ನೊಂದು ದಿನ ಓಡಿದ್ದರೆ ನಾನು ಇದನ್ನು ಬರೆಯಲು ಬೋರೇಗೌಡನ ಫೋಟೋ ಮುಂದೆ ಕೂರಬೇಕಿತ್ತು. ಸ್ಟ್ಯಾಕ್ ಸತ್ತಿತ್ತು. ಹೊಸದು ಹಾಕಿದರು.

ವಿಚಾರಣೆ ಮೂರ್ತಿ ಸಾರ್ ಕೋಣೆಯಲ್ಲಿ. ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು, ದುಂಡಗಿನ ಅಕ್ಷರ ಅಂತ.

"ಉಂಗುರ ನೋಡಿದ ಮೇಲೂ ಯಾಕೆ ಓಡ್ಸಿದ್ರಿ?"

"ನೀವೇ ಹೇಳಿದ್ರಿ ಸಾ. ಓಡುಸ್ಲಾ ಅಂತ ತಿರ್ಗಾ ಕೇಳ್ದೆ."

"ನಾನು ಫೋನೇ ಮಾಡಿಲ್ಲ ಬೋರೇಗೌಡ್ರೇ."

"ಮಾಡಿದ್ರಿ ಸಾ."

"ಈ ವಯಸ್ಸಲ್ಲಿ ಸುಳ್ಳು ಹೇಳ್ಬೇಡಿ."

ಬೋರೇಗೌಡ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ, "ಸುಳ್ಳಲ್ಲ ಸಾ" ಎಂದ. "ಆಪರೇಟರ್ ನಿರ್ಲಕ್ಷ್ಯ" ಎಂದು ನಾನೇ ಬರೆದೆ. ನನ್ನ ಪೆನ್ನು ಒಂದು ಕಡೆಯೂ ತಡೆಯಲಿಲ್ಲ. ಮಾರನೆಯ ದಿನದಿಂದ ಬರಬೇಡಿ ಎಂದರು. ಕೀಲಿ ಗೊಂಚಲು ಮೇಜಿನ ಮೇಲಿಟ್ಟು, ಯಾವ ಕೀಲಿ ಯಾವ ವಾಲ್ವಿನದು ಎಂದು ಒಂದೊಂದಾಗಿ ಹೇಳಿ ಹೋದ. ವಾರದಲ್ಲಿ ಊರಿನಲ್ಲಿ ಸುದ್ದಿಯಾಯಿತು. ಕಣಕಟ್ಟೆಯ ಹೋಟೆಲಿನಲ್ಲಿ ಯಾರೋ, "ಬೋರೇಗೌಡ್ರು ಅಲ್ಲಿ ಏನೋ ತಪ್ಪು ವಾಲ್ವ್ ತಿರುವ್ಬುಟ್ರಂತೆ" ಎಂದದ್ದನ್ನು ನಾನೇ ಕೇಳಿದೆ. ಟೀ ಪೂರ್ತಿ ಕುಡಿದೇ ಎದ್ದೆ.

ನಲವತ್ತು ದಿನ ಸುಮ್ಮನಿದ್ದೆ. ಆ ನಲವತ್ತು ದಿನ ಯಾರ ದನಿಯನ್ನೂ ಮಾಡಲಿಲ್ಲ. ಹುಷಾರಿಲ್ಲವಾ ಎಂದು ಎಲ್ಲರೂ ಕೇಳಿದರು.

ಶಶಿಕಲಾ ಮೇಡಂ ಅಂತಿಮ ವರದಿಗೆ ಬಂದರು. ಮೂರ್ತಿ ಸಾರ್ ವಾದ ಸರಳ: ಸತ್ತ ಸ್ಟ್ಯಾಕ್ ಒಬ್ಬ ಆಪರೇಟರನ ತಪ್ಪಿನಿಂದಾದ ಅಪಘಾತ, ಘಟಕದ ಗುಣವಲ್ಲ, ಆದ್ದರಿಂದ ಎರಡನೆಯ ಸ್ಟ್ಯಾಕ್ ತಯಾರಿಸಲು ಹೋದ ಶಕ್ತಿಯನ್ನು ಜೀವಮಾನದ ಲೆಕ್ಕಕ್ಕೆ ಸೇರಿಸಬಾರದು. ಸೇರಿಸದಿದ್ದರೆ ಹದಿನೈದು. ಸೇರಿಸಿದರೆ, ಮೊದಲನೆಯದರ ಹಾಗೆ ಎರಡೂವರೆ ವರ್ಷಕ್ಕೊಂದು ಸ್ಟ್ಯಾಕ್ ಸಾಯುತ್ತದೆ ಎಂದು ಹಿಡಿಯಬೇಕು. ಆಗ ಇಪ್ಪತ್ತು ದಾಟಿ ಎಲ್ಲಿಗೋ ಹೋಗುತ್ತದೆ. ಘಟಕ ಉಳಿಯಬೇಕಾದರೆ ತಪ್ಪು ಬೋರೇಗೌಡನದ್ದೇ ಆಗಿರಬೇಕಿತ್ತು.

ಮೇಡಂ ನನ್ನನ್ನು ಒಬ್ಬನೇ ಕರೆದು, "ಇಪ್ಪತ್ತು ವರ್ಷ ನೀರು ಬಿಟ್ಟವರು ಉಂಗುರ ಕಂಡೂ ಯಾಕೆ ಓಡ್ಸಿದ್ರು?" ಎಂದು ಕೇಳಿದರು.

"ನಾನು ಓಡ್ಸು ಅಂದೆ ಮೇಡಂ."

"ನೀವು ಯಾರು ಹೇಳೋಕೆ?"

"ಮೂರ್ತಿ ಸಾರ್ ಆಗಿ ಅಂದೆ."

ಮಧ್ಯಾಹ್ನ ಮೇಡಂ ಮೂರ್ತಿ ಸಾರ್ ಅವರನ್ನು ಕೂರಿಸಿ, ಕಣಕಟ್ಟೆಗೆ ಕಾರು ಕಳಿಸಿ ಬೋರೇಗೌಡನನ್ನೂ ಕರೆಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಎಲ್ಲವನ್ನೂ ಹೇಳಿದೆ.

"ಇವನ ಮಾತು ಹೆಂಗೆ ನಂಬೋದು?" ಎಂದರು ಮೂರ್ತಿ ಸಾರ್. "ದಿನಾ ಒಬ್ಬೊಬ್ಬರ ಥರ ಮಾತಾಡ್ತಾನೆ. ಸ್ನೇಹಿತನ್ನ ಉಳಿಸೋಕೆ ಇದೂ ಒಂದು ನಾಟಕ."

"ಹಾಗಾದ್ರೆ ಮಾಡಿ ತೋರಿಸಿ," ಎಂದರು ಮೇಡಂ.

ಗೋಡೆ ಕಡೆ ತಿರುಗಿ ನಿಂತೆ. ಇಡೀ ಜೀವಮಾನದಲ್ಲಿ ಸರಿಯಾಗಿ ಬರದಿರಲಿ ಎಂದು ಬೇಡಿಕೊಂಡು ಮಾಡಿದ ಅಣಕ ಅದೊಂದೇ. ಉಸಿರೆಳೆದು ಶುರು ಮಾಡಿದೆ. ಮುಚ್ಚಳ, ತಿಂಡಿ, ಬಿಸಿಲು, ಓಡ್ಸಿ, ಅಂದ್ನಲ್ಲ, ಎಲ್ಲವನ್ನೂ ಹೇಳಿದೆ. ಯಾವತ್ತಿಗಿಂತ ಚೆನ್ನಾಗಿ ಬಂತು. ತಿರುಗಿದಾಗ ಮೂರ್ತಿ ಸಾರ್ ತಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು.

"ಇದೇಯಾ ಅವ್ವಾ," ಎಂದ ಬೋರೇಗೌಡ, ಮೇಡಂಗೆ. "ಇದೇ ದನಿ." ಮತ್ತೆ ನನಗೆ, "ಬ್ಯಾರೆ ದಿವ್ಸ ಕೊನೇಲಿ ನಗ್ತಿದ್ದೆಯಲ್ಲೋ. ಅವತ್ತು ಯಾಕ್ಲಾ ನಗ್ಲಿಲ್ಲ?"



ಮೇಡಂ ಬರೆದದ್ದನ್ನು ನಾನು ಓದಿದ್ದೇನೆ. ನನ್ನ ಕುಚೇಷ್ಟೆಗೆ ಅರ್ಧ ಪುಟ. ಉಳಿದದ್ದೆಲ್ಲ ಬೈಪಾಸ್ ಚೀಟಿಯ ಬಗ್ಗೆ. ಒಬ್ಬ ಹುಡುಗನ ತಮಾಷೆಯಿಂದ ಸಾಯುವ ಸ್ಟ್ಯಾಕ್ ಯಾವುದರಿಂದಲಾದರೂ ಸಾಯುತ್ತದೆ, ಆದ್ದರಿಂದ ಎರಡನೆಯದನ್ನು ಸೇರಿಸಲೇಬೇಕು ಎಂಬುದು ಅವರ ತೀರ್ಮಾನ. ಬೋರೇಗೌಡನ ಹೆಸರಿನ ಮುಂದಿದ್ದ ಆರೋಪ ಹೋಯಿತು. ಲೆಕ್ಕ ಇಪ್ಪತ್ತನ್ನು ದಾಟಿತು. ನಾಲ್ಕು ತಿಂಗಳಲ್ಲಿ ಘಟಕವೂ ಹೋಯಿತು, ಅಲ್ಲಿಯವರೆಗೆ ಅಂಕಿ ಬರೆಯಲು ಬೇರೆ ಯಾರೂ ಸಿಗದೆ ನನ್ನನ್ನೇ ಇಟ್ಟುಕೊಂಡಿದ್ದರು. ತಪ್ಪಿಲ್ಲ ಎಂದು ಕಾಗದ ಬಂದಾಗ ಬೋರೇಗೌಡನಿಗೆ ವಾಪಸ್ ಬರಲು ಜಾಗವಿರಲಿಲ್ಲ. ಫಲಕಗಳನ್ನು ಬಿಚ್ಚಿ ಯಾರದೋ ತೋಟದ ಪಂಪುಗಳಿಗೆ ಕೊಟ್ಟರು. ಅಲ್ಲಿ ಅವು ತಮ್ಮ ಮೇಲಾದ ಖರ್ಚನ್ನು ಬೇಗನೆ ತೀರಿಸುತ್ತವೆ. ನಡುವೆ ನೀರು ಒಡೆಯುವವರೂ ಇಲ್ಲ, ನನ್ನಂಥವನೂ ಇಲ್ಲ.

ಹೊಸಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಬಂದು ಕೇಳಿದಿರಿ. ಆಕಾಶಕ್ಕೆ ಬಿಟ್ಟದ್ದನ್ನು ಬರೆಯಿರಿ. ಯಾರು ಓಡಿಸು ಅಂದರೋ ಅವರಿಂದ ಸಹಿ ಹಾಕಿಸಿಕೊಳ್ಳಿ. ನಿಲ್ಲಿಸುವ ಮೀಟರ್ ಕೆಟ್ಟರೆ ಘಟಕವೇ ಕೆಟ್ಟಿತು ಎಂದುಕೊಂಡು ಮನೆಗೆ ಹೋಗಿ. ಘಟಕ ಮಾಡಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಲೆಕ್ಕದಲ್ಲಿ ಮನುಷ್ಯರನ್ನು ಸೇರಿಸಿರಲಿಲ್ಲ, ಅಷ್ಟೆ.

ಇದನ್ನು ಬರೆಯುವ ಮೊದಲು ಬೋರೇಗೌಡನನ್ನು ಕೇಳಬೇಕೆನಿಸಿ ಫೋನ್ ಮಾಡಿದೆ. ಅವನೀಗ ಕಣಕಟ್ಟೆಯ ಒಂದು ದೊಡ್ಡ ತೋಟದಲ್ಲಿ ಹನಿ ನೀರಾವರಿ ನೋಡಿಕೊಳ್ಳುತ್ತಾನೆ. "ಯಾರು?" ಎಂದ. "ಯೋಗೀಶ" ಎಂದೆ. "ಫೋನಲ್ಲಿ ಬ್ಯಾಡ. ಇತ್ಲಾಗೇ ಬಾ," ಎಂದು ಇಟ್ಟ. ತೋಟದವರನ್ನು ವಿಚಾರಿಸಿದೆ. ಅವರಿಗೂ ಇದೇ ತಲೆನೋವಂತೆ. ಯಜಮಾನರು ಅರಸೀಕೆರೆಯಿಂದ ಫೋನ್ ಮಾಡಿ ನೀರು ಬಿಡು ಎಂದರೂ ಬಿಡುವುದಿಲ್ಲ, ಎದುರಿಗೆ ಬಂದು ಹೇಳಬೇಕು.

ಹೋದೆ. ತೆಂಗಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಪೈಪಿನ ಬಾಯಿ ಶುದ್ಧ ಮಾಡುತ್ತಿದ್ದ. ಕೂರು ಎಂದ, ಮಜ್ಜಿಗೆ ತರಿಸಿದ. "ಬರ್ಕೋ," ಎಂದ. "ನಡ್ದಿದ್ದು ಬರೆಯಕ್ಕೇನು." ನಾನು ಬೇಲೂರಿನ ಕೆಲಸ, ಫಿಲ್ಟರು, ಅದು ಇದು ಹೇಳುತ್ತಾ ಹೋದೆ. ಅವನು ಹೂಂ ಅನ್ನುತ್ತಿದ್ದ. ಅಷ್ಟು ಹೊತ್ತೂ ಅವನು ನನ್ನ ಕಣ್ಣು ನೋಡಲಿಲ್ಲ. ನಾನು ಮಾತಾಡುವಾಗ ಆಡುತ್ತಿದ್ದ ನನ್ನ ತುಟಿಗಳನ್ನೇ ನೋಡುತ್ತಿದ್ದ.